ಹಾಸಿಗೆ ಒದ್ದೆಯಾದದ್ದು ರಾತ್ರಿ, ಕಾರಣ ಇದ್ದದ್ದು ಹಗಲಲ್ಲಿ: ನಮ್ಮ ಮನೆಯ ಒಂದು ಪ್ರಕರಣ

ನಮ್ಮ ಮಗ ಮೂರೂವರೆ ವರ್ಷಕ್ಕೇ ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ. ಏಳು ತುಂಬಿ ಎರಡು ತಿಂಗಳಾದ ಮೇಲೆ, ಎರಡನೇ ಕ್ಲಾಸಿನಲ್ಲಿದ್ದಾಗ, ಮತ್ತೆ ಶುರುವಾಯಿತು. ಮೊದಲ ಸಲ ಆದದ್ದು ನಾಗರಪಂಚಮಿಯ ಮಾರನೇ ಬೆಳಗ್ಗೆ. ಹಬ್ಬದ ದಿನ ಉಂಡಿ ತಿಂದು ನೀರು ಜಾಸ್ತಿ ಕುಡಿದಿರಬೇಕು ಅಂದುಕೊಂಡು ಸುಮ್ಮನಾದೆವು. ಗಣೇಶನನ್ನು ಕೂರಿಸುವ ಹೊತ್ತಿಗೆ ವಾರಕ್ಕೆ ಐದು ರಾತ್ರಿಯಾಗಿತ್ತು.

ಇದನ್ನು ಬರೆಯುವ ಮೊದಲು ಅವನನ್ನು ಕೇಳಿದ್ದೇನೆ. "ನನ್ನ ಹೆಸರು ಹಾಕಬ್ಯಾಡ. ಚಿಲಕದ್ದು ಮಾತ್ರ ಹಾಕು," ಅಂದ. ಚಿಲಕದ ವಿಷಯ ಮುಂದೆ ಬರುತ್ತದೆ.

ನಾವಿರುವುದು ದಾವಣಗೆರೆಯ ಒಂದು ಬಾಡಿಗೆ ಮನೆಯಲ್ಲಿ, ಮೊದಲ ಮಹಡಿ. ಕೆಳಗೆ ಮನೆಯ ಓನರ್ ಇದ್ದಾರೆ. ನಮ್ಮ ಯಜಮಾನರು ಎಪಿಎಂಸಿಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ, ಮೆಕ್ಕೆಜೋಳದ ಆವಕ ಜೋರಾಗಿದ್ದಾಗ ಮನೆ ಸೇರುವುದು ರಾತ್ರಿ ಹತ್ತಕ್ಕೆ. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಗುಮಾಸ್ತೆ. ಅತ್ತೆ ನಮ್ಮ ಜೊತೆಗೇ ಇದ್ದಾರೆ. ಮಗಳು ಆಗಿನ್ನೂ ಹತ್ತು ತಿಂಗಳ ಕೂಸು. ಆ ವರ್ಷ ಜೂನ್‌ನಲ್ಲಿ ಮಗನನ್ನು ಓಣಿಯ ಪುಟ್ಟ ಶಾಲೆಯಿಂದ ಬಿಡಿಸಿ ದೊಡ್ಡ ಶಾಲೆಗೆ ಸೇರಿಸಿದ್ದೆವು. ಬೆಳಗ್ಗೆ ಎಂಟೂವರೆಗೆ ವ್ಯಾನ್ ಹತ್ತಿದರೆ ಇಳಿಯುವುದು ಸಂಜೆ ನಾಲ್ಕೂಕಾಲಿಗೆ.

ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಾರಣ ಕಂಡಿತು. ಅತ್ತೆಯ ಲೆಕ್ಕದಲ್ಲಿ ಅದು ಶೀತ, ಇಲ್ಲವೇ ದೃಷ್ಟಿ. ನನ್ನ ಲೆಕ್ಕದಲ್ಲಿ ತಂಗಿಯ ಮೇಲಿನ ಹೊಟ್ಟೆಕಿಚ್ಚು. ಕೂಸಿಗೆ ಸಿಗುವ ಆರೈಕೆ ತನಗೂ ಸಿಗಲಿ ಎಂದು ಕೂಸಿನ ಹಾಗೆ ಮಾಡುತ್ತಿದ್ದಾನೆ ಅಂತ ಎಲ್ಲೋ ಓದಿದ್ದನ್ನು ಅವನಿಗೆ ಅಂಟಿಸಿಬಿಟ್ಟಿದ್ದೆ. ನನ್ನ ತಂಗಿ ಫೋನಿನಲ್ಲಿ, "ಸೋಮಾರಿತನ ಅಕ್ಕ, ಎಚ್ಚರ ಆಗಿರುತ್ತೆ, ಏಳಕ್ಕೆ ಬೇಜಾರು," ಅಂದಳು. ಇವರು ಮಾತ್ರ ಏನೂ ಹೇಳಲಿಲ್ಲ. ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡು, ಎದ್ದು, ಮಗನನ್ನು ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ನಿಲ್ಲಿಸಿ ತಂದು ಮಲಗಿಸುತ್ತಿದ್ದರು. ಹಗಲೆಲ್ಲ ದುಡಿದು ಬಂದವರು ಇಷ್ಟು ಮಾಡುತ್ತಾರಲ್ಲ ಎಂದು ನನಗೆ ಆಶ್ಚರ್ಯ. ಅದರ ಹಿಂದಿನ ಕಥೆ ಗೊತ್ತಾದದ್ದು ಆಮೇಲೆ.

ಕಾರಣ ತಪ್ಪಾಗಿದ್ದ ಮೇಲೆ ಮದ್ದೂ ತಪ್ಪೇ ಆಗುತ್ತದಲ್ಲ. ಅತ್ತೆ ದಿನಾ ಬೆಳಗ್ಗೆ ಕರಿ ಎಳ್ಳು, ಬೆಲ್ಲ ಕುಟ್ಟಿ ಉಂಡೆ ಮಾಡಿ ಕೊಟ್ಟರು. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಅದರಿಂದ ತೊಂದರೆಯೇನೂ ಆಗಲಿಲ್ಲ. ತೊಂದರೆಯಾದದ್ದು ನನ್ನ ಮದ್ದಿನಿಂದ. ಸಂಜೆ ಆರರ ಮೇಲೆ ಒಂದು ತೊಟ್ಟೂ ನೀರು ಕೊಡುತ್ತಿರಲಿಲ್ಲ. ಆಟ ಆಡಿ ಬಂದು "ಅಮ್ಮಾ ಬಾಯಾರಿಕೆ" ಅಂದರೆ ಗಡಿಯಾರ ತೋರಿಸುತ್ತಿದ್ದೆ. ಗೋಡೆಯ ಕ್ಯಾಲೆಂಡರಿನಲ್ಲಿ ಒಣಗಿದ ರಾತ್ರಿಗೆ ಹಸಿರು, ಒದ್ದೆಯಾದ ರಾತ್ರಿಗೆ ಕೆಂಪು ಚುಕ್ಕಿ ಇಡುತ್ತಿದ್ದೆ. ವಾರವಿಡೀ ಹಸಿರು ಬಂದರೆ ಸೈಕಲ್ ಎಂದಿದ್ದೆ. ಕೈ ಮೀರಿದ್ದಕ್ಕೆ ಬಹುಮಾನ ಇಟ್ಟರೆ ಮಗುವಿಗೆ ಅದು ಶಿಕ್ಷೆಯೇ ಎಂಬುದು ನನಗೆ ಹೊಳೆಯಲಿಲ್ಲ. ಒಂದು ರಾತ್ರಿ ಹನ್ನೊಂದೂವರೆಗೆ ನೋಡಿದರೆ ಕಣ್ಣು ಬಿಟ್ಟುಕೊಂಡು ಕೂತಿದ್ದಾನೆ. "ಮಲಗಿದ್ರೆ ಆಗಿಬಿಡುತ್ತೆ ಅಮ್ಮ, ಅದಕ್ಕೆ ಮಲಗ್ತಿಲ್ಲ," ಅಂದ.

ಕೌದಿಯದ್ದು ಇನ್ನೊಂದು ಗೋಳು. ಮಳೆಗಾಲ, ಒಣಗುವುದಿಲ್ಲ. ತಾರಸಿಯ ಮೇಲೆ ದಿನಾ ಹರವಿದ್ದು ಕಂಡು ಓನರ್ ಹೆಂಡತಿ, "ಏನ್ರೀ, ದಿನಾ ಕೌದಿ ತೊಳೀತೀರಲ್ಲ?" ಅಂದರು. "ಸಣ್ಣದು ಹೊಯ್ಕಂಡಿತ್ತು ಆಂಟಿ," ಅಂದೆ. ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ತನ್ನದು ತಂಗಿಯ ಹೆಸರಿಗೆ ಹಾಕಿ ಮುಚ್ಚಿಡಬೇಕಾದಂಥ ಹೇಸಿಗೆ ಕೆಲಸ ಎಂಬುದು ಅವನ ತಲೆಗೆ ಹೊಕ್ಕಿದ್ದು ಆ ಮಾತಿನಿಂದಲೇ ಎಂದು ನಾನು ಈಗಲೂ ನಂಬಿದ್ದೇನೆ.

ಅಕ್ಟೋಬರಿನ ಒಂದು ಬೆಳಗ್ಗೆ ಐದು ಗಂಟೆಗೆ, ಕೂಸು ರಾತ್ರಿಯೆಲ್ಲ ಅತ್ತು ನನಗೆ ನಿದ್ದೆ ಇರಲಿಲ್ಲ, ಮಗನ ಹಾಸಿಗೆ ಮುಟ್ಟಿದರೆ ತೊಯ್ದು ತೊಪ್ಪೆ. ಕೆನ್ನೆಗೆ ಒಂದು ಬಾರಿಸಿಬಿಟ್ಟೆ. ಅವನು ಅಳಲಿಲ್ಲ. ಎದ್ದು ಕೂತು, "ನಾನು ನಿದ್ದೇಲಿದ್ದೆ ಅಮ್ಮಾ," ಅಂದ. ಆ ಒಂದು ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ವಾರವೇ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಎರಡು ತಿಂಗಳು ಮುಂಚೆಯೇ ಹೋಗಬೇಕಿತ್ತು.

ಯಾಕೆ ಮುಂಚೆಯೇ ಅಂದರೆ, ಹುಟ್ಟಿದಾಗಿನಿಂದ ಹಾಸಿಗೆ ಒದ್ದೆ ಮಾಡುತ್ತಲೇ ಇರುವ ಮಗು ಬೇರೆ, ಆರು ತಿಂಗಳಿಗಿಂತ ಹೆಚ್ಚು ಕಾಲ ನಿಂತು ಮತ್ತೆ ಶುರುವಾದ ಮಗು ಬೇರೆ. ಎರಡನೆಯದಕ್ಕೆ ಹೊಸದೊಂದು ಕಾರಣ ಇರುವ ಸಂಭವ ಹೆಚ್ಚು. ಡಾಕ್ಟರಮ್ಮ ಮೊದಲು ಕೇಳಿದ್ದು ಮಗು ತೂಕ ಇಳಿದಿದೆಯಾ, ಅತಿಯಾಗಿ ನೀರು ಕುಡಿಯುತ್ತಾನಾ, ಸುಸ್ತು ಇದೆಯಾ ಎಂದು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಕೆಲವೊಮ್ಮೆ ಹೀಗೆಯೇ ಹಾಸಿಗೆಯಲ್ಲಿ ಮೊದಲು ಗೊತ್ತಾಗುತ್ತದಂತೆ, ಅದಿದ್ದರೆ ದಿನಗಳನ್ನು ಎಣಿಸುತ್ತ ಕೂರುವ ಹಾಗಿಲ್ಲ. ಮೂತ್ರ ಪರೀಕ್ಷೆ ಮಾಡಿಸಿದರು. ಸಕ್ಕರೆ ಇರಲಿಲ್ಲ, ಸೋಂಕೂ ಇರಲಿಲ್ಲ. ಬೆನ್ನುಮೂಳೆಯ ಕೆಳಭಾಗ ನೋಡಿದರು, ನಡೆಸಿ ನೋಡಿದರು. ಆಮೇಲೆ ಮಲಗಿಸಿ ಹೊಟ್ಟೆ ಒತ್ತಿದವರು ಎಡಗಡೆ ಕೆಳಗೆ ಕೈ ನಿಲ್ಲಿಸಿ ನನ್ನ ಬೆರಳನ್ನೂ ಅಲ್ಲಿಗೆ ಇಡಿಸಿದರು. ಗಟ್ಟಿಯಾಗಿ ಒಂದು ಉಂಡೆಯ ಹಾಗೆ ಸಿಕ್ಕಿತು.

"ಎರಡಕ್ಕೆ ದಿನಾ ಹೋಗ್ತಾನಾ?"

"ಹೋಗ್ತಾನೆ ಮೇಡಂ," ಅಂದೆ. ನಿಜ ಹೇಳಬೇಕೆಂದರೆ ನನಗೆ ಗೊತ್ತೇ ಇರಲಿಲ್ಲ. ಐದು ವರ್ಷದ ನಂತರ ಮಗು ತಾನೇ ಬಾಗಿಲು ಹಾಕಿಕೊಂಡು ಹೋಗಿ ಬರುತ್ತದೆ, ಯಾರು ನೋಡುತ್ತಾರೆ? ಬಾಗಿಲ ಬಳಿ ಕೂತಿದ್ದ ಅತ್ತೆಯೇ ಹೇಳಿದರು: "ಮೂರ್ನಾಕು ದಿನಕ್ಕೊಂದ್ಸಲ ಹೋಗ್ತಾನ್ರೀ ಅವ್ವ. ಹೋದ್ರೆ ಕಮೋಡು ಕಟ್ಕಂತದೆ, ಅಷ್ಟು ದಪ್ಪ." ಚಡ್ಡಿಯಲ್ಲಿ ಕಲೆ ಆಗುತ್ತದಾ ಎಂದು ಡಾಕ್ಟರಮ್ಮ ಕೇಳಿದರು. ಆಗುತ್ತಿತ್ತು. ಸರಿಯಾಗಿ ತೊಳೆದುಕೊಳ್ಳುವುದಿಲ್ಲ ಎಂದು ಅದಕ್ಕೂ ಬೈಯುತ್ತಿದ್ದೆ.

ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೀಚಿ ತೋರಿಸಿದರು. ಮೂತ್ರದ ಚೀಲ ಮುಂದೆ, ಅದರ ಹಿಂದೆ ಒತ್ತಿಕೊಂಡು ಮಲದ ಚೀಲ. ಹಿಂದಿನದು ದಿನಗಟ್ಟಲೆ ತುಂಬಿ ಗಟ್ಟಿಯಾದರೆ ಮುಂದಿನದಕ್ಕೆ ಹಿಗ್ಗಲು ಜಾಗ ಇರುವುದಿಲ್ಲ. ಸ್ವಲ್ಪ ತುಂಬಿದರೂ ಹಿಂಡಿಬಿಡುತ್ತದೆ. ಹಗಲಲ್ಲಿ ಮಗು ಬಿಗಿಹಿಡಿಯುತ್ತದೆ, ನಿದ್ದೆಯಲ್ಲಿ ಹಿಡಿಯುವವರು ಯಾರೂ ಇಲ್ಲ. ಚಡ್ಡಿಯ ಕಲೆಯೂ ಗಟ್ಟಿ ಮಲದ ಸಂದಿನಿಂದ ಜಿನುಗುವುದು, ತೊಳೆಯದ್ದರಿಂದ ಆದದ್ದಲ್ಲ. ಮಲಬದ್ಧತೆಗೂ ಹಾಸಿಗೆಗೂ ಸಂಬಂಧ ಇದೆ ಎಂದು ಅಲ್ಲಿಯವರೆಗೆ ನನಗೆ ಯಾರೂ ಹೇಳಿರಲಿಲ್ಲ. ಈ ಬರಹದಲ್ಲಿ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳಿ ಎಂದರೆ ನಾನು ಇದನ್ನೇ ಹೇಳುತ್ತೇನೆ.

ಆಮೇಲೆ ಕೇಳಿದರು: "ಅಪ್ಪ, ಅಮ್ಮ, ಯಾರಾದ್ರೂ ಚಿಕ್ಕವರಿದ್ದಾಗ ಹೀಗೆ ಮಾಡ್ತಿದ್ರಾ?" ನಾನು ಇಲ್ಲ ಅಂದೆ. ಇವರು ನೆಲ ನೋಡುತ್ತಿದ್ದರು. ಅತ್ತೆ, "ಹೇಳೋ," ಅಂದರು. ಇವರು ಹೇಳಲಿಲ್ಲ. ಅತ್ತೆಯೇ ಹೇಳಿದರು: "ಇವ ಹನ್ನೊಂದು ವರ್ಷದ ತನಕ ಹೊಯ್ಕಂತಿದ್ನವ್ವ."

ಮದುವೆಯಾಗಿ ಒಂಬತ್ತು ವರ್ಷ, ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಇವರು ಸ್ವಲ್ಪ ಸ್ವಲ್ಪವಾಗಿ ಹೇಳಿದರು. ಐದನೇ ಕ್ಲಾಸಿಗೆ ಹಾಸ್ಟೆಲ್‌ಗೆ ಹಾಕಿದ್ದರಂತೆ. ಬೆಳಗ್ಗೆ ಎಲ್ಲರಿಗಿಂತ ಮೊದಲು ಎಚ್ಚರವಾದರೂ ಏಳದೆ, ಒದ್ದೆ ಚಾದರದ ಮೇಲೆ ಮೈಯ ಬಿಸಿಗೇ ಅದು ಒಣಗಲಿ ಎಂದು ಅಲುಗಾಡದೆ ಮಲಗಿರುತ್ತಿದ್ದರಂತೆ. ಉಚ್ಚೆಬುರುಕ ಎಂಬ ಹೆಸರು ಹೈಸ್ಕೂಲಿನವರೆಗೂ ಬೆನ್ನು ಹತ್ತಿತ್ತಂತೆ. ರಾತ್ರಿ ಎರಡರ ಅಲಾರಂ ಎಲ್ಲಿಂದ ಬಂತು ಎಂದು ಆಗ ತಿಳಿಯಿತು.

ಇದು ಮನೆತನದಲ್ಲಿ ಬರುವಂಥದ್ದು. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗೆ ಇದ್ದಿದ್ದರೆ ಮಕ್ಕಳಿಗೆ ಬರುವ ಸಂಭವ ನೂರಕ್ಕೆ ಸುಮಾರು 44, ಇಬ್ಬರಿಗೂ ಇದ್ದಿದ್ದರೆ ಸುಮಾರು 77. ಇಬ್ಬರಿಗೂ ಇರದಿದ್ದರೂ ಸುಮಾರು 15 ಇದ್ದೇ ಇದೆ. ಏಳನೇ ವಯಸ್ಸಿನಲ್ಲಿ ನೂರು ಮಕ್ಕಳಲ್ಲಿ ಐದರಿಂದ ಹತ್ತು ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಅಂದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇಬ್ಬರೋ ನಾಲ್ವರೋ. ಆ ಇಬ್ಬರೋ ನಾಲ್ವರೋ ತಮ್ಮಂಥವರು ಲೋಕದಲ್ಲಿ ಬೇರೆ ಯಾರೂ ಇಲ್ಲ ಎಂದುಕೊಂಡು ಕೂತಿರುತ್ತಾರೆ, ಯಾಕೆಂದರೆ ಪ್ರತಿ ಮನೆಯಲ್ಲೂ ನನ್ನಂಥವಳೊಬ್ಬಳು ಕೌದಿಯ ಬಗ್ಗೆ ಸುಳ್ಳು ಹೇಳುತ್ತಿರುತ್ತಾಳೆ.

ಹೊರಡುವ ಮುಂಚೆ ಡಾಕ್ಟರಮ್ಮ ಮಗನನ್ನೇ ಕೇಳಿದ್ದರು: "ಶಾಲೇಲಿ ದಿನಕ್ಕೆ ಎಷ್ಟು ಸಲ ಒಂದಕ್ಕೆ ಹೋಗ್ತೀಯ ಪುಟ್ಟಾ?" ಅವನು ಇಲ್ಲ ಎಂದು ತಲೆ ಆಡಿಸಿದ. "ಒಂದು ಸಲಾನೂ ಇಲ್ವಾ? ಯಾಕೆ?" ನನ್ನ ಮುಖ ನೋಡಿದ, ಹೇಳಲಿಲ್ಲ. ಅವರು ಒತ್ತಾಯ ಮಾಡಲಿಲ್ಲ. ನಮ್ಮನ್ನು ಮಾತ್ರ ಆಚೆ ಕರೆದು, ಶಾಲೆಯಲ್ಲೋ ವ್ಯಾನಿನಲ್ಲೋ ಯಾರಾದರೂ ಹೆದರಿಸಿದ್ದಾರಾ, ಮುಟ್ಟಬಾರದ ಕಡೆ ಮುಟ್ಟಿದ್ದಾರಾ ಎಂಬುದನ್ನೂ ಮೆಲ್ಲಗೆ ತಿಳಿದುಕೊಳ್ಳಿ, ಪೊಲೀಸರು ವಿಚಾರಿಸಿದ ಹಾಗೆ ವಿಚಾರಿಸಬೇಡಿ ಅಂದರು. ನಿಂತಿದ್ದು ಮತ್ತೆ ಶುರುವಾದಾಗ ಅದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಲೇಬೇಕಂತೆ. ಆ ಅನುಮಾನ ಗಟ್ಟಿಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು ಎಂಬುದೂ ಅಂದೇ ನನಗೆ ತಿಳಿದದ್ದು. ಗುರುವಾರದಿಂದ ಭಾನುವಾರದವರೆಗೆ ನಾನು ಊಟ ಮಾಡಿದ ನೆನಪಿಲ್ಲ.

ಅವರು ಎರಡು ದಿನದ ಒಂದು ಕೆಲಸ ಕೊಟ್ಟಿದ್ದರು. ಎಷ್ಟು ಹೊತ್ತಿಗೆ ಎಷ್ಟು ನೀರು ಕುಡಿದ, ಎಷ್ಟು ಹೊತ್ತಿಗೆ ಎಷ್ಟು ಮೂತ್ರ ಮಾಡಿದ ಎಂದು ಅಳೆದು ಬರೆಯುವುದು. ಶನಿವಾರ ಭಾನುವಾರ ಅಡುಗೆಮನೆಯ ಅಳತೆ ಲೋಟವೊಂದನ್ನು ಬಚ್ಚಲಿಗೆ ಬಿಟ್ಟುಕೊಟ್ಟೆವು. ವಯಸ್ಸಿಗೆ ಒಂದು ಕೂಡಿಸಿ 30ರಿಂದ ಗುಣಿಸಿದರೆ ಆ ವಯಸ್ಸಿನ ಮಗುವಿನ ಮೂತ್ರಚೀಲ ಸುಮಾರು ಎಷ್ಟು ಮಿಲಿಲೀಟರ್ ಹಿಡಿಯಬೇಕು ಎಂಬ ಅಂದಾಜು ಸಿಗುತ್ತದೆ. ಏಳು ವರ್ಷಕ್ಕೆ 240. ಎರಡು ದಿನದಲ್ಲಿ ನಮ್ಮವನು ಒಂದೇ ಸಲಕ್ಕೆ ಮಾಡಿದ್ದರಲ್ಲಿ ಅತಿ ಹೆಚ್ಚಿನದು 110.

ಭಾನುವಾರ ಮಧ್ಯಾಹ್ನ ಅಳತೆಗೆ ನಿಂತಿದ್ದಾಗ ಬಚ್ಚಲಲ್ಲಿ ಅಪ್ಪ ಮಗ ಇಬ್ಬರೇ. ಇವರು ತಮ್ಮ ಹಾಸ್ಟೆಲ್ಲಿನ ಚಾದರದ ಕಥೆಯನ್ನು ಅವನಿಗೆ ಹೇಳಿದರಂತೆ. ಅವನು ಸುಮಾರು ಹೊತ್ತು ಸುಮ್ಮನಿದ್ದು, "ನಮ್ ಸ್ಕೂಲ್ ಟಾಯ್ಲೆಟ್ಟಿಗೆ ಚಿಲಕ ಇಲ್ಲಪ್ಪ," ಅಂದನಂತೆ.

ಅಷ್ಟೇ. ಚಿಲಕ ಇಲ್ಲ. ಕೂತಾಗ ದೊಡ್ಡ ಹುಡುಗರು ಬಾಗಿಲು ದೂಡಿ ನಗುತ್ತಾರೆ. ನಿಂತು ಮಾಡುವ ಕಡೆ ಗೋಡೆಗೆ ಕೂಡಿಸಿರುವ ಬೇಸಿನ್ ಅವನ ಎದೆಮಟ್ಟಕ್ಕೆ ಬರುತ್ತದೆ. ಜೂನ್‌ನಲ್ಲೇ ಒಂದು ಸಲ ಪ್ಯಾಂಟಿನ ಮೇಲೆ ಬಿದ್ದು ನಗೆಪಾಟಲಾಗಿದ್ದ. ಅಂದಿನಿಂದ ಹೋಗುವುದನ್ನೇ ಬಿಟ್ಟ. ಹೋಗಬಾರದು ಎಂದರೆ ನೀರು ಕುಡಿಯಬಾರದು. ಬಾಟಲಿ ತುಂಬಿದ್ದು ತುಂಬಿದ ಹಾಗೇ ಮನೆಗೆ ಬರುತ್ತಿತ್ತು, ಆ ನೀರನ್ನು ದಿನಾ ತುಳಸಿ ಗಿಡಕ್ಕೆ ಹಾಕುತ್ತಿದ್ದವಳು ನಾನೇ. ಸಂಜೆ ಮನೆಗೆ ಬಂದು ದಿನದ ಬಾಯಾರಿಕೆಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುತ್ತಿದ್ದ, ಅದನ್ನೂ ನಾನು ಆರು ಗಂಟೆಗೆ ನಿಲ್ಲಿಸಿದ್ದೆ. ಹಗಲಿಡೀ ನೀರಿಲ್ಲ, ಎರಡಕ್ಕೆ ಬಂದರೂ ತಡೆ, ಮೇಲೆ ಮೂರು ಲೋಟ ಹಾಲು, ಸಂಜೆಗೆ ಬೇಕರಿ ಬನ್ನು. ಗಟ್ಟಿಯಾಗದೆ ಇನ್ನೇನಾಗುತ್ತದೆ?

ಸೋಮವಾರ ಇಬ್ಬರೂ ರಜೆ ಹಾಕಿ ಶಾಲೆಗೆ ಹೋದೆವು. ನಾನು ಜಗಳಕ್ಕೇ ಸಿದ್ಧವಾಗಿ ಹೋಗಿದ್ದೆ. ಕ್ಲಾಸ್ ಟೀಚರ್ ಇನ್ನೂ ಚಿಕ್ಕ ವಯಸ್ಸಿನವರು, ನಾವು ಹೇಳಿದ್ದನ್ನೆಲ್ಲ ಕೇಳಿ ದನಿ ತಗ್ಗಿಸಿ, "ನಾವೂ ಮನೆಗೆ ಹೋಗೋ ತನಕ ತಡ್ಕೊಂಡೇ ಇರ್ತೀವಿ ಮೇಡಂ. ಅದಕ್ಕೇ ನೀರು ಕುಡಿಯೋದಿಲ್ಲ," ಅಂದರು. ನನ್ನ ಸಿಟ್ಟು ಅಲ್ಲಿಗೇ ಇಳಿಯಿತು. ಆ ಶಾಲೆಯಲ್ಲಿ ಶೌಚಾಲಯ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬೇರೆ ಬೇರೆ ಇರಬೇಕು, ಇದ್ದವು. ಗೋಡೆಯ ಮೇಲೆ ಹೆಸರೂ ಬರೆದಿತ್ತು. ಇದೆಯೋ ಇಲ್ಲವೋ ಎಂದು ಎಣಿಸುವವರಿದ್ದಾರೆ. ಆರೇಳು ವರ್ಷದ ಮಗು ಅದರೊಳಗೆ ಹೋಗಿ ಕೂರುತ್ತದೆಯೇ ಎಂದು ನೋಡುವವರು ಬೇಕು, ಮತ್ತು ಅದನ್ನು ಮನೆಯವರಾದ ನಾವೇ ಕೇಳಬೇಕು. ಫೀಸು, ಪುಸ್ತಕ, ಇಂಗ್ಲಿಷ್, ವ್ಯಾನು ಎಲ್ಲ ವಿಚಾರಿಸಿ ಸೇರಿಸಿದ್ದ ನಾವು ಆ ಕಡೆ ತಲೆ ಹಾಕಿಯೂ ನೋಡಿರಲಿಲ್ಲ.

ಅರ್ಜಿ ಕೊಟ್ಟರೆ ಆಡಳಿತ ಮಂಡಳಿಯ ಸಭೆಗೆ ಇಡುತ್ತೇವೆ ಅಂದರು. ಇವರು, "ಚಿಲಕ ನಾನೇ ತಂದು ಹಾಕ್ಲಾ?" ಎಂದು ಕೇಳಿದರು. ಆ ಶನಿವಾರ ಮಧ್ಯಾಹ್ನ ಸ್ಕ್ರೂಡ್ರೈವರ್ ಹಿಡಿದುಕೊಂಡು ಹೋಗಿ ನಾಲ್ಕು ಬಾಗಿಲಿಗೂ ಚಿಲಕ ಹಾಕಿ ಬಂದರು. ಮಗ ಸ್ಕ್ರೂ ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ. ಚಿಲಕ ಮಕ್ಕಳ ಕೈಗೆ ಎಟುಕುವಷ್ಟು ಕೆಳಗೆ ಇರಬೇಕು ಎಂದು ಹೇಳಿದ್ದು ಅವನೇ. ಟೀಚರ್ ತಮ್ಮ ಕಡೆಯಿಂದ ಎರಡು ಕೆಲಸ ಮಾಡಿದರು. ಬೆಳಗ್ಗೆ ಹನ್ನೊಂದಕ್ಕೆ ಮತ್ತು ಮಧ್ಯಾಹ್ನ ಎರಡಕ್ಕೆ ಇಡೀ ಕ್ಲಾಸಿಗೇ ನೀರು ಕುಡಿಸಿ ಒಂದಕ್ಕೆ ಬಿಡತೊಡಗಿದರು, ನಮ್ಮವನೊಬ್ಬನನ್ನೇ ಬೇರೆ ಮಾಡಲಿಲ್ಲ. 2019ರಲ್ಲಿ ಕೇರಳದ ಶಾಲೆಗಳಲ್ಲಿ ವಾಟರ್ ಬೆಲ್ ಎಂದು ಶುರುವಾಗಿ ನಮ್ಮ ರಾಜ್ಯದಲ್ಲೂ ಅದರ ಮಾತು ಬಂದಿತ್ತಲ್ಲ, ಅದೇ. ಇನ್ನೊಂದು, ಸಣ್ಣವರು ಹೋಗುವ ಹೊತ್ತಿಗೆ ದೊಡ್ಡವರನ್ನು ಬಿಡದ ಹಾಗೆ ಹೊತ್ತು ಬದಲಿಸಿದರು.

ಇನ್ನು ಚಿಕಿತ್ಸೆ. ನೀರಿನಲ್ಲಿ ಕರಗಿಸಿ ಕುಡಿಸುವ ಒಂದು ಪುಡಿ, ಪಾಲಿಎಥಿಲೀನ್ ಗ್ಲೈಕಾಲ್. ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗೆ ಮಾಡುತ್ತದೆ. ಕಟ್ಟಿಕೊಂಡಿದ್ದು ಹೊರಹೋಗಲು ಮೊದಲ ಕೆಲವು ದಿನ ಡಾಕ್ಟರು ಹೇಳಿದಂತೆ ಹೆಚ್ಚಿನ ಅಳತೆ, ದಸರಾ ರಜೆಯಲ್ಲಿ ಮನೆಯಲ್ಲೇ ಇದ್ದದ್ದು ಒಳ್ಳೆಯದಾಯಿತು. ಆಮೇಲೆ ದಿನಾ ಒಂದಿಷ್ಟು, ತಿಂಗಳುಗಟ್ಟಲೆ. ಊಟವಾದ ಮೇಲೆ ಕರುಳು ತಾನಾಗಿ ಚಲಿಸುತ್ತದೆ, ಆ ಹೊತ್ತಿಗೆ ಹತ್ತು ನಿಮಿಷ ಕೂರಿಸಬೇಕು. ಕಮೋಡಿನ ಮೇಲೆ ಕೂತರೆ ಅವನ ಕಾಲು ಜೋಲಾಡುತ್ತಿದ್ದವು, ತಿಣುಕುವುದಕ್ಕೆ ಪಾದ ಊರಬೇಕು ಎಂದು ಅತ್ತೆಯ ಹಳೆಯ ಮಣೆಯೊಂದನ್ನು ಕಾಲ ಕೆಳಗೆ ಇಟ್ಟೆವು. ಹಾಲು ಎರಡು ಲೋಟಕ್ಕೆ ಇಳಿಯಿತು. ಬನ್ನಿನ ಜಾಗಕ್ಕೆ ಪೇರಲೆ, ಬಾಳೆಹಣ್ಣು ಬಂತು. ರಾತ್ರಿ ಜೋಳದ ರೊಟ್ಟಿ, ಕಾಳುಪಲ್ಯ ಮನೆಯಲ್ಲಿ ಹೇಗೂ ಇತ್ತು. ನೀರು ಹಗಲೆಲ್ಲ ಧಾರಾಳ, ಮಲಗುವ ಮುಂಚಿನ ಒಂದೆರಡು ಗಂಟೆ ಮಾತ್ರ ಕಡಿಮೆ. ಬಾಯಾರಿದರೆ ಒಂದು ಗುಟುಕಿಗೆ ಇಲ್ಲ ಅನ್ನಬಾರದು.

ಕೆಂಪು ಹಸಿರು ಚುಕ್ಕಿಯ ಕ್ಯಾಲೆಂಡರನ್ನು ನಾನೇ ಹರಿದೆ. ಹೊಸ ಪುಸ್ತಕದಲ್ಲಿ ಬರೆದದ್ದು ಅವನ ಕೈಯಲ್ಲಿ ಇರುವುದನ್ನು ಮಾತ್ರ: ಬಾಟಲಿ ಖಾಲಿ ಮಾಡಿದನೇ, ಶಾಲೆಯಲ್ಲಿ ಎರಡು ಸಲ ಹೋದನೇ, ಊಟದ ಮೇಲೆ ಕೂತನೇ. ಒದ್ದೆಯಾದರೆ ಚಾದರ ಬಕೆಟ್ಟಿಗೆ ಹಾಕುವುದು ಅವನ ಕೆಲಸ, ತೊಳೆಯುವುದು ನಮ್ಮದು. ಶಿಕ್ಷೆ ಅಂತ ಅಲ್ಲ, ಚೆಲ್ಲಿದ ಸಾರು ಒರೆಸಿದ ಹಾಗೆ.

ಪರಿಚಯದವರೊಬ್ಬರು ಒಂದು ಮಾತ್ರೆಯ ಹೆಸರು ಹೇಳಿದ್ದರು, ಡೆಸ್ಮೊಪ್ರೆಸಿನ್. ಅದು ರಾತ್ರಿ ಮೂತ್ರ ಹುಟ್ಟುವುದನ್ನೇ ಕಡಿಮೆ ಮಾಡುತ್ತದೆ. ಅದನ್ನು ತೆಗೆದುಕೊಂಡ ರಾತ್ರಿ ಹೆಚ್ಚು ನೀರು ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾಗಬಹುದಂತೆ, ಮೆಡಿಕಲ್ ಶಾಪಿನಿಂದ ನೀವಾಗಿ ತರಬೇಡಿ ಅಂದರು ಡಾಕ್ಟರಮ್ಮ. ಒದ್ದೆಯಾದೊಡನೆ ಕೂಗುವ ಅಲಾರಂ ಚಿಕಿತ್ಸೆಯೂ ಇದೆ, ಮೊದಲು ಹೊಟ್ಟೆ ಸರಿಹೋಗಲಿ, ಆಮೇಲೆ ನೋಡೋಣ ಅಂದರು. ನಮಗೆ ಎರಡೂ ಬೇಕಾಗಲಿಲ್ಲ.

ನವೆಂಬರ್ ಕೊನೆಗೆ ವಾರಕ್ಕೆ ಐದಿದ್ದದ್ದು ಎರಡಕ್ಕೆ ಬಂತು. ಜನವರಿಯಲ್ಲಿ ಹದಿನೆಂಟು ರಾತ್ರಿ ಸಾಲಾಗಿ ಒಣಗಿತ್ತು. ಆಗ ನಾನು ಮತ್ತೊಂದು ತಪ್ಪು ಮಾಡಿದೆ. ಸರಿಹೋಯಿತಲ್ಲ ಎಂದು ಡಾಕ್ಟರನ್ನು ಕೇಳದೆ ಪುಡಿ ನಿಲ್ಲಿಸಿದೆ. ಮೂರೇ ವಾರ, ಹೊಟ್ಟೆ ಗಟ್ಟಿ, ಹಾಸಿಗೆ ಒದ್ದೆ. ಹಿಗ್ಗಿಹೋದ ಮಲದ ಚೀಲ ಮೊದಲಿನ ಬಿಗಿಗೆ ಬರಲು ತಿಂಗಳುಗಳೇ ಬೇಕು, ಅದುವರೆಗೆ ತುಂಬಿದ್ದು ಮಗುವಿಗೆ ಗೊತ್ತೇ ಆಗುವುದಿಲ್ಲ ಎಂದು ಡಾಕ್ಟರಮ್ಮ ಎರಡನೇ ಸಲ ಹಾಳೆ ತೆಗೆದು ಗೀಚಿದರು. ಮತ್ತೆ ಮೊದಲಿನಿಂದ ಶುರು. ಈ ಸಲ ಬೇಗ ಹತೋಟಿಗೆ ಬಂತು.

ಏಪ್ರಿಲ್‌ನಲ್ಲಿ ಹರಿಹರದಲ್ಲಿ ಸಂಬಂಧಿಕರ ಗೃಹಪ್ರವೇಶ, ರಾತ್ರಿ ಉಳಿಯಬೇಕಿತ್ತು. ಹಿಂದಿನ ನವೆಂಬರಿನಲ್ಲಿ ಇಂಥದ್ದೇ ಒಂದು ಮದುವೆಗೆ ಸುಳ್ಳು ನೆಪ ಹೇಳಿ ತಪ್ಪಿಸಿಕೊಂಡಿದ್ದೆವು. ಈ ಸಲ ಇವರು ಮಗನ ಕೌದಿಯ ಜೊತೆಗೆ ರಬ್ಬರ್ ಶೀಟನ್ನೂ ಮಡಚಿ ಬ್ಯಾಗಿಗೆ ಹಾಕಿಕೊಂಡು, ಅಲ್ಲಿ ಎಲ್ಲರ ಎದುರಿಗೇ ಹಾಸಿದರು. ಒಬ್ಬರು ಯಾಕೆ ಎಂದು ಕೇಳಿದರು. "ಬೇಕಾಗ್ತದೆ. ನಂಗೂ ಬೇಕಾಗ್ತಿತ್ತು, ಹನ್ನೊಂದು ವರ್ಷದ ತನಕ," ಅಂದರು. ಹಾಗೆ ಹೇಳುವಾಗ ಅವರ ಕಿವಿ ಕೆಂಪಾಗಿದ್ದವು. ಅದನ್ನು ಕೇಳಿ ನಮ್ಮ ದೊಡ್ಡತ್ತೆಯ ಮಗ, ನಲವತ್ತು ದಾಟಿದವರು, ಊಟ ಆದ ಮೇಲೆ ಇವರನ್ನು ಜಗುಲಿಗೆ ಕರೆದುಕೊಂಡು ಹೋಗಿ ಬಹಳ ಹೊತ್ತು ಮಾತಾಡಿದರು. ಅವರ ಮನೆಯಲ್ಲೂ ಒಂಬತ್ತು ವರ್ಷದ ಹುಡುಗಿ ಇದ್ದಾಳೆ.

ಈಗ ಮಗ ಮೂರನೇ ಕ್ಲಾಸು. ಜೂನ್‌ನಿಂದ ಈಚೆಗೆ ಒದ್ದೆಯಾದದ್ದು ಮೂರು ರಾತ್ರಿ, ಮೂರೂ ಜ್ವರ ಬಂದಿದ್ದ ವಾರದಲ್ಲಿ. ಪುಡಿ ಅರ್ಧ ಅಳತೆಗೆ ಇಳಿದಿದೆ, ನಿಲ್ಲಿಸುವುದು ಯಾವಾಗ ಎಂದು ಮುಂದಿನ ಭೇಟಿಯಲ್ಲಿ ಹೇಳುತ್ತಾರೆ. ಮಗಳಿಗೆ ಎರಡು ತುಂಬುತ್ತಾ ಬಂತು, ಅವಳಿಗೆ ಚಡ್ಡಿ ಬಿಚ್ಚಿ ಕೂರುವುದನ್ನು ಅಭ್ಯಾಸ ಮಾಡಿಸುತ್ತಿದ್ದೇವೆ. ಹೋದ ಭಾನುವಾರ ಹಾಸಿಗೆ ಬಿಸಿಲಿಗೆ ಹಾಕುವಾಗ ರಬ್ಬರ್ ಶೀಟ್ ಇನ್ನು ತೆಗೆದುಬಿಡಲಾ ಎಂದು ಮಗನನ್ನು ಕೇಳಿದೆ.

"ಇರ್ಲಿ ಅಮ್ಮಾ," ಅಂದ. "ತಂಗಿಗೆ ಬೇಕಾಗುತ್ತೆ."